ಖಾಲಿ ಬಾಟಲಿಯ ಗುಡ್ಡ

ಯಂತ್ರ ಬಂದ ಮೇಲೆ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಸ್ವಲ್ಪ ಮೆಲ್ಲಗೆ ಮಾತಾಡತೊಡಗಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆಗೆ ಮುಖ ಮಾಡಿದ ಮೇಲ್ಮಹಡಿಯ ಕೋಣೆಯಲ್ಲಿ, ಎಸಿಯ ತಂಪಿನಲ್ಲಿ, ಅದು ನಿದ್ದೆಹೋದ ದೊಡ್ಡ ಪ್ರಾಣಿಯ ಹಾಗೆ ಒಂದೇ ಸಮನೆ ಉಸಿರಾಡುತ್ತಿತ್ತು. ಅದರ ಎದುರು ದನಿ ಏರಿಸಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂದು ಅದರ ಹೆಸರು. ಹತ್ತಿಕಾಳಿನ ಎಣ್ಣೆ ತೆಗೆಯಲು ಗಿರಣಿಯವರು ಬಳಸುವ ದ್ರಾವಕ ಎಣ್ಣೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು ಅದರ ಮೊದಲ ಕೆಲಸ. ಎಣ್ಣೆಯನ್ನು ಪುಟ್ಟ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಇಟ್ಟರೆ, ಯಂತ್ರ ಅದನ್ನು ಬೆಚ್ಚಗೆ ಮಾಡಿ ಮೇಲಿನ ಗಾಳಿಯನ್ನು ಸೂಜಿಯಿಂದ ಹೀರಿಕೊಳ್ಳುತ್ತದೆ. ಒಳಗೆ ಕೂದಲಿನಷ್ಟು ಸಣ್ಣ ನಳಿಗೆಯೊಂದು ಸುರುಳಿ ಸುತ್ತಿಕೊಂಡು ಮಲಗಿದೆ. ಬಿಚ್ಚಿದರೆ ನಮ್ಮ ಮಾಳಿಗೆಯಿಂದ ರಸ್ತೆ ದಾಟುವಷ್ಟು ಉದ್ದ. ಗಾಳಿಯಲ್ಲಿ ಬೆರೆತದ್ದೆಲ್ಲ ಆ ದಾರಿಯಲ್ಲಿ ಒಂದೊಂದಾಗಿ ಬೇರೆಯಾಗುತ್ತ ಹೋಗುತ್ತದೆ. ಹಗುರಾದದ್ದು ಮೊದಲು ಹೊರಬೀಳುತ್ತದೆ, ಅಲ್ಲಲ್ಲಿ ಅಂಟಿಕೊಂಡು ತಡೆಯುವಂಥದ್ದು ಆಮೇಲೆ. ದಾರಿಯ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸಣ್ಣ ಉರಿ ಇದೆ. ಏನಾದರೂ ಅಲ್ಲಿಗೆ ಬಂದು ಸುಟ್ಟರೆ ಪರದೆಯ ಮೇಲಿನ ಗೆರೆ ಏರಿ ಇಳಿಯುತ್ತದೆ. ಅದನ್ನು ನಾವು ಪೀಕ್ ಎನ್ನುತ್ತೇವೆ. ಏನೂ ಬರದಿದ್ದರೆ ಗೆರೆ ಸುಮ್ಮನೆ ಹರಿಯುತ್ತದೆ. ಎಂಎಸ್ಸಿ ಓದುವಾಗಿನಿಂದಲೂ ನನಗೆ ಪೀಕುಗಳಿಗಿಂತ ಆ ಸುಮ್ಮನಿರುವ ಗೆರೆಯ ಮೇಲೆಯೇ ಹೆಚ್ಚು ಪ್ರೀತಿ.

ಆ ಕೋಣೆ ಮೊದಲು ಶಾಂತಯ್ಯ ಅಜ್ಜನದಾಗಿತ್ತು. ಪ್ರಯೋಗಾಲಯ ಶುರು ಮಾಡಿದವರು ಅವರೇ. ಸುತ್ತಲಿನ ಹೊಲಗಳ ಮಣ್ಣು, ಬಾವಿಗಳ ನೀರು ಪರೀಕ್ಷಿಸುತ್ತ ಹನಿಹನಿಯಾಗಿ ದ್ರಾವಣ ಬಿಡುವ ಬ್ಯುರೆಟ್ಟಿನ ಗಾಜಿನ ಕೊಳವೆಯ ಮುಂದೆ ನಿಂತೇ ಕೂದಲು ಬೆಳ್ಳಗಾದವರು. ಈಗ ಎಲ್ಲ ಮಗ ಗುರುಬಸವ ಸರ್ ನೋಡಿಕೊಳ್ಳುತ್ತಾರೆ. ಯಂತ್ರಕ್ಕೆ ಧೂಳಿಲ್ಲದ ಕೋಣೆ ಬೇಕೆಂದಾಗ ಅಜ್ಜ ತಾವೇ ತಮ್ಮ ಮೇಜು ಖಾಲಿ ಮಾಡಿಕೊಟ್ಟರು. ಅವರ ಕುರ್ಚಿಯೊಂದು ಮಾತ್ರ ಕಿಟಕಿಯ ಬಳಿ ಉಳಿಯಿತು, ಅದನ್ನು ಎತ್ತಿಡುವ ಧೈರ್ಯ ಯಾರಿಗೂ ಇಲ್ಲದ್ದರಿಂದ.

ಬೋರ್‌ವೆಲ್ ಗಾಡಿಗೂ ಕಾಯಿ ಒಡೆದೇ ಕೀಲಿ ತಿರುಗಿಸುವ ಊರು ನಮ್ಮದು. ಯಂತ್ರ ಕೂರಿಸಿದ ದಿನ ಅಜ್ಜ ವಿಭೂತಿ, ಬಿಲ್ವಪತ್ರಿ, ಹಿತ್ತಾಳೆಯ ಆರತಿ ತಟ್ಟೆ ಹಿಡಿದು ಬಂದರು. ಕಂಪನಿಯ ಎಂಜಿನಿಯರ್ ರಮಾಕಾಂತ, ಒಳಗೆ ಹೈಡ್ರೋಜನ್ ಇದೆ, ಬೆಂಕಿ ಮಾತ್ರ ಬೇಡ ಎಂದು ಕೈಮುಗಿದ. ಅಜ್ಜ ವಾದಕ್ಕಿಳಿಯಲಿಲ್ಲ. ಹೊಸ್ತಿಲ ಹೊರಗೇ ಕರ್ಪೂರ ಹಚ್ಚಿ ಅಲ್ಲಿಂದಲೇ ಬೆಳಗಿದರು. ಆರಿದ ಮೇಲೆ ತಟ್ಟೆಯನ್ನು ಒಳಗೆ ತಂದು ಯಂತ್ರದ ಸುತ್ತ ಒಮ್ಮೆ ಆಡಿಸಿದರು. ಅವತ್ತಿಗೆ ಮುಗಿಯಿತು ಎಂದುಕೊಂಡೆವು. ಮರುದಿನ ಮುಂಜಾನೆ ಅವರು ಮತ್ತೆ ತಟ್ಟೆಯೊಂದಿಗೆ ಬಂದರು, ಅದರ ಮರುದಿನವೂ ಬಂದರು. ಆರತಿಯಾದ ಮೇಲೆ ಕುರ್ಚಿಯಲ್ಲಿ ಕೂತು ಕೆರೆ ನೋಡುತ್ತಿದ್ದರು. ನಾನು ಬಾಟಲಿಗಳಿಗೆ ಮುಚ್ಚಳ ಬಿಗಿಯುತ್ತಿರುತ್ತಿದ್ದೆ. ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಕೆರೆಯ ಬೆಳಕು ತಲೆಯ ಮೇಲಿನ ಛತ್ತಿನಲ್ಲಿ ನಡುಗುತ್ತ ಆಡುತ್ತಿತ್ತು. ನಾವೂ ನೀರಿನೊಳಗೇ ಕೂತಿದ್ದೇವೆ, ಮೇಲೆಲ್ಲೋ ಹುಬ್ಬಳ್ಳಿ ತೇಲುತ್ತಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ತೊಂದರೆ ಬಂದದ್ದು ಖಾಲಿ ಬಾಟಲಿಯಿಂದ. ಕಂಪನಿಯವರು ಯಂತ್ರವನ್ನು ನಮಗೆ ಒಪ್ಪಿಸುವ ಮೊದಲು ಏನೂ ಹಾಕದ ಬಾಟಲಿಯೊಂದನ್ನು ಓಡಿಸಿ ನೋಡುವುದು ಕ್ರಮ. ಗೆರೆ ಸಪಾಟಾಗಿ ಬರಬೇಕು. ನಮ್ಮದರಲ್ಲಿ, ಎಲ್ಲ ಮುಗಿಯಿತು ಅನ್ನುವ ಹೊತ್ತಿಗೆ, ನಿಧಾನವಾಗಿ ಒಂದು ಪೀಕ್ ಎದ್ದು ನಿಂತಿತು. ರಮಾಕಾಂತ ನಳಿಗೆ ಬದಲಿಸಿದ, ಸೂಜಿ ತೊಳೆದ. ಅದು ಹೋಗಲಿಲ್ಲ.

"ನಿಮ್ಮ ಖಾಲಿ ಬಾಟ್ಲ್ಯಾಗ ದೆವ್ವ ಹೊಕ್ಕೈತ್ರಿ ಮೇಡಂ," ಎಂದು ನಕ್ಕ. ನಗು ಮುಗಿದ ಮೇಲೆ, ಶುಕ್ರವಾರ ಮತ್ತೆ ಬರುವುದಾಗಿಯೂ ಆಗಲೂ ಹೀಗೇ ಇದ್ದರೆ ಯಂತ್ರವನ್ನು ಬಿಚ್ಚಿ ಪುಣೆಗೆ ಒಯ್ಯಬೇಕಾದೀತೆಂದೂ ಹೇಳಿ ಹೋದ.

ನಾನು ಆ ಪೀಕನ್ನೇ ನೋಡುತ್ತ ಕೂತೆ. ಮುಂಜಾನೆ ಅದು ಎತ್ತರ, ಸಂಜೆಗೆ ಗಿಡ್ಡ. ಮಾಳಿಗೆಯ ಮೇಲೆ ಬಯಲುಗಾಳಿಯಲ್ಲಿ ಮುಚ್ಚಳ ಬಿಗಿದ ಬಾಟಲಿಯಲ್ಲಿ ಅದು ಇಲ್ಲವೇ ಇಲ್ಲ. ಅಂದರೆ ಅದು ಯಂತ್ರದ್ದಲ್ಲ, ಕೋಣೆಯ ಗಾಳಿಯದು, ಮುಂಜಾನೆಯದು. ಮುಂಜಾನೆ ಆ ಕೋಣೆಯ ಬಾಗಿಲಲ್ಲಿ ನಡೆಯುವುದು ಒಂದೇ, ಅಜ್ಜನ ಆರತಿ. ದುರ್ಗದಬೈಲಿನ ಪೇಟೆಯಿಂದ ಕರ್ಪೂರದ ಪೊಟ್ಟಣ ತಂದು, ಸಾಸಿವೆಗಿಂತ ಸಣ್ಣ ಚೂರೊಂದನ್ನು ಬಾಟಲಿಗೆ ಹಾಕಿ ಓಡಿಸಿದೆ. ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಪೀಕ್ ಎದ್ದಿತು. ಇಷ್ಟು ದಿನ ನಮಗ್ಯಾರಿಗೂ ಹೊಳೆಯದ್ದಕ್ಕೆ ಕಾರಣವಿತ್ತು. ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲ. ಬೆಳಗಾಯಿತೆಂಬುದಕ್ಕೆ ಗುರುತು, ಅಷ್ಟೆ.

ಗುರುಬಸವ ಸರ್‌ಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು.

"ಖೋಲಿ ಕಸಗೊಂಡೇನಿ, ಇನ್ನ ಆರತೀನೂ ಕಸಗೋಬೇಕೇನು ಮೈತ್ರೇಯಿ? ಅದೊಂದಕ್ಕರ ಮೆಟ್ಟಲಾ ಹತ್ತಿ ಬರ್ತಾರ ಅಪ್ಪಾರು. ನನ್ನ ಬಾಯಿಲೆ ಹೇಳಾಕ ಆಗಂಗಿಲ್ಲ."

ಹೇಳುವುದು ನನ್ನ ಪಾಲಿಗೆ ಬಂತು. ನನಗೋ, ಮಾತು ಎಂದೂ ಕೈಗೆ ಸಿಗದ ವಸ್ತು. ರಾತ್ರಿ ಮನಸ್ಸಿನಲ್ಲಿ ಜೋಡಿಸಿಟ್ಟ ವಾಕ್ಯಗಳು ಮುಂಜಾನೆ ಅಜ್ಜನ ಚಪ್ಪಲಿಯ ಸಪ್ಪಳ ಕೇಳಿದ ಕೂಡಲೆ ಕರಗಿಹೋದವು. ಅವರು ಬೆಳಗಿದರು, ಒಳಗೆ ಬಂದರು, ಕೂತರು. ನಾನು ಒಂದು ಖಾಲಿ ಬಾಟಲಿ ಎತ್ತಿ ಅವರ ಎದುರಿಗೇ ಮುಚ್ಚಳ ಬಿಗಿದೆ. ಯಂತ್ರದಲ್ಲಿಟ್ಟು, ಅವರ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿದೆ.

ಗೆರೆ ಹರಿಯಿತು. ಕೆರೆಯ ಮೇಲೆ ಬೆಳ್ಳಕ್ಕಿಯೊಂದು ಹಾರಿ ಹೋಯಿತು. ಅಜ್ಜನ ಕಣ್ಣು ಗೆರೆಯ ತುದಿಯನ್ನು ಬಿಡಲಿಲ್ಲ. ಬ್ಯುರೆಟ್ಟಿನ ಹನಿ ಕಾದ ಕಣ್ಣುಗಳು ಅವು. ಕೊನೆಗೆ ಗೆರೆ ಮೆಲ್ಲಗೆ ಎದ್ದಿತು.

"ಖಾಲಿ ಬಾಟ್ಲ್ಯಾಗ ಗುಡ್ಡ ಎದ್ದತಲ್ಲ. ಏನಿದು?"

"ಕರ್ಪೂರ ರೀ ಅಜ್ಜಾರ."

"ನಾ ಹಚ್ಚಿದ್ದು?"

"ಹೌದ್ರಿ."

ಅವರು ಮುಂದಕ್ಕೆ ಬಾಗಿ ಪರದೆಯ ಹತ್ತಿರ ಬೆರಳು ಒಯ್ದರು, ಮುಟ್ಟಲಿಲ್ಲ. ನಾನು ಅವರ ಮುಖ ನೋಡಲಾರದೆ ಕೈಯೊಳಗಿನ ಮುಚ್ಚಳ ನೋಡುತ್ತಿದ್ದೆ. ಅಜ್ಜನ ದನಿಯಲ್ಲಿ ನೋವಿರಲಿಲ್ಲ. ಮಕ್ಕಳ ದನಿಯ ಹಾಗಿತ್ತು.

"ಹಂಗಾದ್ರ ನನ್ನ ಆರತಿ ಮುಟ್ಟೇತಿ," ಎಂದರು. "ಇಷ್ಟ ವರ್ಷ ದೇವರಿಗೆ ಬೆಳಗಿದ್ನವಾ. ಮುಟ್ಟೇತಿ ಅಂತ ಯಾರೂ ತೋರಿಸಿದ್ದಿಲ್ಲ."

ಆ ಗೆರೆಯನ್ನು ಹಾಳೆಯ ಮೇಲೆ ಮುದ್ರಿಸಿ ಕೊಡಲು ಕೇಳಿದರು. ಕೊಟ್ಟೆ. ಬಾಗಿಲ ತನಕ ಹೋದವರು ಅಲ್ಲಿಯೇ ನಿಂತರು.

"ಈ ಗುಡ್ಡ ಇದ್ರ ನಿಮ್ಮ ಕೆಲಸಕ್ಕ ಅಡ್ಡ, ಹೌದಿಲ್ಲೋ?"

ನಾನು ಹೌದೆಂದು ತಲೆಯಾಡಿಸಿದೆ. ತಿಳಿಯಿತೆಂಬಂತೆ ಅವರೂ ತಲೆಯಾಡಿಸಿದರು. ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ಮೆಟ್ಟಿಲಿಳಿದು ಹೋದರು.

ಶುಕ್ರವಾರ ಗೆರೆ ಸಪಾಟಾಗಿ ಬಂತು. ದೆವ್ವ ಊರು ಬಿಟ್ಟಿತು ಎಂದು ರಮಾಕಾಂತ ಗೆಲುವಿನಿಂದ ಸಾಮಾನು ಕಟ್ಟಿದ. ಹೋಗುವ ಮುನ್ನ ಒಳಗಿನ ಉರಿ ಹತ್ತಿದೆಯೋ ಇಲ್ಲವೋ ನೋಡುವ ಬಗೆ ಕಲಿಸಿದ. ಆ ಉರಿ ಕಣ್ಣಿಗೆ ಕಾಣದು. ಯಂತ್ರದ ನೆತ್ತಿಯ ಮೇಲಿನ ಸಣ್ಣ ಕಿಂಡಿಯ ಮೇಲೆ ಹೊಳೆಯುವ ತಣ್ಣನೆಯ ಲೋಹವನ್ನು ಹಿಡಿಯಬೇಕು. ಉರಿ ಇದ್ದರೆ ಅದರ ಮೇಲೆ ಮಂಜು ಕಟ್ಟುತ್ತದೆ. ಅವನು ತನ್ನ ಸ್ಪ್ಯಾನರ್ ಹಿಡಿದು ತೋರಿಸಿದ. ಅದು ಮಬ್ಬಾಗಿ ಮತ್ತೆ ಹೊಳೆಯಿತು.

ಎಣ್ಣೆಯ ಬಾಟಲಿಗಳು ಬಂದವು, ಕೆಲಸ ಸಾಗಿತು. ಅಜ್ಜ ಮಾತ್ರ ಬರಲಿಲ್ಲ. ದಿನದ ಮೊದಲ ಕೆಲಸ ಖಾಲಿ ಬಾಟಲಿಯದು. ನಾನು ಪರದೆಯ ಮುಂದೆ ಕೂತು, ಗುಡ್ಡ ಏಳುತ್ತಿದ್ದ ಜಾಗವನ್ನು ಗೆರೆ ದಾಟುವ ತನಕ ಕಣ್ಣು ಕೀಳದೆ ನೋಡುತ್ತಿದ್ದೆ. ಅದು ಸುಮ್ಮನೆ ದಾಟಿ ಹೋಗುತ್ತಿತ್ತು. ಜೀವನವಿಡೀ ನಾನು ಇಷ್ಟಪಟ್ಟ ಮೌನ ಅದೇ. ಆದರೆ ಇದು ಅದಲ್ಲ ಅನ್ನಿಸುತ್ತಿತ್ತು. ಒಬ್ಬರು ಕೂತಿರುವಾಗಿನ ಮೌನ ಬೇರೆ, ಎದ್ದು ಹೋದ ಮೇಲಿನದು ಬೇರೆ. ಗುರುಬಸವ ಸರ್ ಕೂಡ ಬಾಗಿಲ ತನಕ ಬಂದು, ಕುರ್ಚಿ ನೋಡಿ, ಏನೂ ಕೆಲಸವಿಲ್ಲದವರ ಹಾಗೆ ತಿರುಗಿ ಹೋಗುತ್ತಿದ್ದರು.

ಹೀಗೆ ಒಂದು ವಾರ ಕಳೆದ ಮೇಲೆ, ರವಿವಾರ, ದೇಶಪಾಂಡೆ ನಗರದ ಅಜ್ಜನ ಮನೆಗೆ ಹೋದೆ. ಅಜ್ಜ ಪಡಸಾಲೆಯಲ್ಲಿ ಕೂತಿದ್ದರು. ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಹಿಂದೆ ನಮ್ಮ ಹಾಳೆ ನಿಂತಿತ್ತು. ಬೋಳು ಬಯಲಿನ ಕೊನೆಯಲ್ಲಿ ಒಂದೇ ಗುಡ್ಡ. ಪಕ್ಕದಲ್ಲಿ ಆರತಿ ತಟ್ಟೆಯನ್ನು ತೊಳೆದು ಬೋರಲು ಹಾಕಿದ್ದರು. ಹಿತ್ತಾಳೆಯ ಬೆನ್ನು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡುತ್ತಿದ್ದಂತೆ, ಎಂದೂ ಕೈಗೆ ಸಿಗದ ಮಾತು ತಾನಾಗಿಯೇ ಬಾಯಿಗೆ ಬಂತು.

"ಅಜ್ಜಾರ, ಆ ಮಷಿನ್ನಿನ ಹೊಟ್ಟ್ಯಾಗ ಒಂದು ದೀಪ ಐತ್ರಿ. ದಿನಾ ಮುಂಜಾನೆ ಹತ್ತೇತೋ ಇಲ್ಲೋ ಯಾರರ ನೋಡಬೇಕ್ರಿ."

ಹೇಗೆ ನೋಡುವುದೆಂದು ವಿವರಿಸಿದೆ. ಅವರು ಕಣ್ಣು ಕಿರಿದು ಮಾಡಿ ಕೇಳಿದರು.

"ಪರದ್ಯಾಗ ತೋರಸಂಗಿಲ್ಲೇನು ಅದು?"

ಸುಳ್ಳು ಹೇಳಲು ಬರಲಿಲ್ಲ. "ತೋರಸತೈತ್ರಿ. ಒಮ್ಮೊಮ್ಮೆ ಆರಿದ್ರೂ ಹತ್ತೇತಿ ಅಂತ ತೋರಸತೈತಿ."

"ಮುದುಕನ್ನ ಸಮಾಧಾನ ಮಾಡಾಕ ಬಂದೀ ನೀ."

"ಅದೂ ಹೌದ್ರಿ."

ಅಜ್ಜ ನಕ್ಕರು. ನಗುತ್ತಲೇ ಎದ್ದು ಒಳಗೆ ಹೋಗಿ ಸೊಸೆಗೆ ನನಗೆ ಚಹಾ ಮಾಡಲು ಹೇಳಿದರು.

ಸೋಮವಾರ ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ ಕೇಳಿತು. ಹೊಸ್ತಿಲ ಬಳಿ ಅವರ ಕೈ ಅಭ್ಯಾಸದಂತೆ ಕರ್ಪೂರಕ್ಕಾಗಿ ಜೇಬಿಗೆ ಹೋಗಿ, ಖಾಲಿಯಾಗಿ ಹೊರಬಂತು. ಒಳಗೆ ಬಂದು, ತಟ್ಟೆಯನ್ನು ಬೋರಲು ಮಾಡಿ ಎರಡೂ ಕೈಯಲ್ಲಿ ಹಿಡಿದು, ಕಿಂಡಿಯ ಮೇಲೆ ತಂದರು. ನಾನು ಬಾಟಲಿ ಕೆಳಗಿಟ್ಟೆ. ಬಾಗಿಲಲ್ಲಿ ಗುರುಬಸವ ಸರ್ ಚಪ್ಪಲಿ ಬಿಟ್ಟು ನಿಂತಿದ್ದರು.

ಹಿತ್ತಾಳೆಯ ಮೇಲೆ, ನಡುವಿನಲ್ಲಿ, ಹಣೆಯ ಮೇಲಿನ ವಿಭೂತಿಯಷ್ಟು ಅಗಲ ಮಂಜು ಕಟ್ಟಿತು. ಅಜ್ಜ ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಅಂಚಿನಿಂದ ನಡುವಿನತ್ತ ಕರಗಿ ಪೂರಾ ಮಾಯವಾಗುವ ತನಕ ನೋಡಿದರು.

"ಹತ್ತೇತಿ," ಎಂದರು, ಯಾರಿಗೂ ಅಲ್ಲದ ಹಾಗೆ.

ಆಮೇಲೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ನಾನು ಖಾಲಿ ಬಾಟಲಿಗೆ ಮುಚ್ಚಳ ಬಿಗಿದೆ. ಗೆರೆ ಹೊರಟಿತು, ಗುಡ್ಡವಿದ್ದ ಜಾಗಕ್ಕೆ ಬಂತು, ಅದನ್ನೂ ದಾಟಿ ಸಪಾಟಾಗಿ ಕೆರೆಯ ನೀರಿನ ಹಾಗೆ ಹರಿಯುತ್ತ ಹೋಯಿತು.