ಕದ್ದು ತಂದ ಸೇವಂತಿಗೆ

ಸುರಪುರದ ನಮ್ಮ ಓಣಿಯಲ್ಲಿ ಹೂವಿನ ಗಿಡವನ್ನು ಯಾರೂ ಕೇಳಿ ತರುವುದಿಲ್ಲ. ಕೊಟ್ಟ ಗಿಡ ಬೇರು ಬಿಡುವುದಿಲ್ಲ, ಕದ್ದ ಗಿಡ ಒಣಗುವುದಿಲ್ಲ ಎಂಬುದು ಹಿರಿಯರ ಮಾತು. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವಷ್ಟು ಬುದ್ಧಿವಂತರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ, ಹುಟ್ಟುವುದೂ ಬೇಡ. ಮಲ್ಲಿಗೆ, ಕಣಗಿಲೆ, ದಾಸವಾಳ ಎಲ್ಲವೂ ಕಳ್ಳತನದಿಂದಲೇ ಮನೆಯಿಂದ ಮನೆಗೆ ಹಬ್ಬಿದವು. ಕದಿಯುವವರು ಹಾಡುಹಗಲೇ ಬರಬೇಕು. ಗಿಡದ ಒಡತಿ ಆಗ ಮಲಗಿರಬೇಕು, ನಿದ್ದೆ ಬರದಿದ್ದರೆ ಬಂದಂತೆ ನಟಿಸಬೇಕು. ಇಷ್ಟೇ ಕಾಯಿದೆ.

ಈ ಕಾಯಿದೆಯನ್ನು ಗೌಹರಬೇಗಂ ಪಾಲಿಸಿದಷ್ಟು ಚೆಂದವಾಗಿ ಇನ್ನಾರೂ ಪಾಲಿಸಲಿಲ್ಲ. ಅವರ ಗಂಡ ನಿಜಾಮರ ಸರಕಾರದಲ್ಲಿ ಗಿರ್ದಾವರರಾಗಿದ್ದು, ಊರೂರು ತಿರುಗಿ ಕಂದಾಯ ತಪಾಸಣೆ ಮಾಡುತ್ತಿದ್ದು, ತೀರಿಹೋದವರು. ಬೇಗಂ ಅಂಗಳದ ತುಂಬ ಸೇವಂತಿಗೆ ಬೆಳೆಸಿದ್ದರು. ಹಳದಿ, ಬಿಳಿ, ಜಾಂಬಳ ಬಣ್ಣ, ಮತ್ತೆ ತಿಕ್ಕಿ ತೊಳೆದ ತಾಮ್ರದ ಕೊಡದಂಥ ಒಂದು ಕೆಂಪು. ಅವರು ಅದನ್ನು ಗುಲ್ದಾವುದಿ ಎನ್ನುತ್ತಿದ್ದರು, ನಾವು ಶ್ಯಾವಂತಿಗಿ. ಚಳಿಗಾಲದಲ್ಲಿ ಹೂ ಮುಗಿದ ಕೂಡಲೇ ಗಿಡಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ನೀರು ಬಿಡುತ್ತಿದ್ದರು. ಬುಡದ ಸುತ್ತ ಹಸಿರು ಮರಿಗಳು ಏಳತೊಡಗಿದವೆಂದರೆ ಪಕ್ಕದ ಮನೆಯ ಸುಗಲಮ್ಮನ ಕೈ ತುರಿಸುತ್ತಿತ್ತು.

ಸುಗಲಮ್ಮನ ಗಂಡ ಭಾಗಣ್ಣ ಪೇಟೆಯಲ್ಲಿ ಹಗ್ಗ, ಮಿಣಿ ಮಾರುವವನು. ಎರಡು ಮನೆಗಳ ನಡುವೆ ಎದೆಯೆತ್ತರದ ಕಲ್ಲಿನ ಗೋಡೆ. ಮಧ್ಯಾಹ್ನದ ನಮಾಜು ಮುಗಿಸಿ ಬೇಗಂ ಪಡಸಾಲೆಯ ಹೊರಸಿನ ಮೇಲೆ ಅಡ್ಡಾದದ್ದೇ ತಡ, ಸುಗಲಮ್ಮ ಸೀರೆ ಎತ್ತಿ ಕಟ್ಟಿ ಗೋಡೆ ದಾಟುತ್ತಿದ್ದಳು. ಬೇಗಂ ಆ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರು. ಎಂಥ ಗೊರಕೆ ಅದು! ಎದುರುಮನೆಯವಳಾದ ನನಗೂ ಕೇಳುತ್ತಿತ್ತು. ಕಳ್ಳಿ ತಪ್ಪು ಗಿಡಕ್ಕೆ ಕೈ ಹಾಕಿದರೆ ಮಾತ್ರ ಗೊರಕೆ ನಿಲ್ಲುತ್ತಿತ್ತು, ಒಳ್ಳೆಯ ಮರಿಯ ಹತ್ತಿರ ಸರಿದರೆ ಮತ್ತೆ ಶುರುವಾಗುತ್ತಿತ್ತು. ಸಂಜೆ ಇಬ್ಬರೂ ಗೋಡೆಗೆ ಆತು ನಿಂತು, ಈ ಊರಿನಲ್ಲಿ ಕಳ್ಳರ ಕಾಟ ಹೆಚ್ಚಾಯಿತೆಂದು ಗಂಭೀರವಾಗಿ ಮಾತಾಡಿಕೊಳ್ಳುತ್ತಿದ್ದರು.

ಆಮೇಲೆ ಪೊಲೀಸ್ ಕಾರ್ಯಾಚರಣೆಯ ಭಾದ್ರಪದ ಬಂತು. ನಿಜಾಮರ ರಾಜ್ಯ ಭಾರತಕ್ಕೆ ಸೇರಿತು. ಸೇರುವ ಮೊದಲು ಒಂದು ಥರದ ಹೆದರಿಕೆ ಇತ್ತು, ಸೇರಿದ ಮೇಲೆ ಇನ್ನೊಂದು ಥರದ್ದು. ಗೌಹರಬೇಗಂ ಹೆದರಿ, ಮನೆಗೆ ಕೀಲಿ ಹಾಕಿ, ಹೈದರಾಬಾದಿನಲ್ಲಿದ್ದ ತಮ್ಮ ಮೈನುದ್ದೀನನ ಮನೆಗೆ ಹೋದರು. ಹೋಗುವಾಗ ಯಾರಿಗೂ ಹೇಳಲಿಲ್ಲ, ಹೇಳುವ ದಿನಗಳೂ ಅವಾಗಿರಲಿಲ್ಲ. ಸುಗಲಮ್ಮ ಬೆಳಿಗ್ಗೆ ಕೀಲಿ ನೋಡಿ ಗೋಡೆಗೆ ಹಣೆ ಹಚ್ಚಿ ಅತ್ತಳು. ಗೋಡೆಯ ಈಚೆಯಿಂದಲೇ ಕೊಡ ಕೊಡ ನೀರು ಎರಚಿ ಆ ಗಿಡಗಳನ್ನು ಕೆಲವು ಕಾಲ ಉಳಿಸಿಕೊಂಡಳು. ಇಳಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮನೆಯೊಡತಿ ಇಲ್ಲದ ಅಂಗಳಕ್ಕೆ ಅವಳು ಹೇಗೆ ಇಳಿದಾಳು? ಬೇಸಿಗೆಯಲ್ಲಿ ಬಾವಿಗಳು ಬತ್ತಿದವು, ಬೇಗಂ ಅವರ ಅಂಗಳ ಬರಿ ಮಣ್ಣಾಯಿತು.

ಒಂದು ವರ್ಷ ದಾಟಿ ಮಾಘದಲ್ಲಿ ಬೇಗಂ ಹಿಂತಿರುಗಿದರು. ಕಟ್ಟಿಗೆಯಂತೆ ಸೊರಗಿದ್ದರು. ಮನೆ ಮಾರಿ ಬಂದುಬಿಡು ಎಂದು ತಮ್ಮ ಹೇಳಿ ಕಳಿಸಿದ್ದ, ಶಹಾಪುರದ ಒಬ್ಬ ವ್ಯಾಪಾರಿ ಕೊಳ್ಳಲು ಸಿದ್ಧನಿದ್ದ. ಆದರೂ ಅವರ ಮನಸ್ಸು ಗಟ್ಟಿಯಾಗಿರಲಿಲ್ಲ. ಬಾವಿಯ ಗಾಲಿ, ಹಂಡೆಗಳು, ಹಿತ್ತಲ ಬಾಗಿಲು, ಎಲ್ಲವನ್ನೂ ಯಾರೋ ಒಯ್ದಿದ್ದರು. ಬೇಗಂ ಅದನ್ನೆಲ್ಲ ನೋಡಿ ಮುಂದೆ ನಡೆದರು. ಬರಿದಾದ ಅಂಗಳ ನೋಡಿ ಮಾತ್ರ ಕೂತುಬಿಟ್ಟರು.

ಸುಗಲಮ್ಮನ ಅಂಗಳದಲ್ಲಿ ಆಗ ಅದೇ ಸೇವಂತಿಗೆ, ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರಿನಲ್ಲೇ ಬದುಕುಳಿದು, ಹೂ ಮುಗಿಸಿ ಮರಿಯೊಡೆದು ನಿಂತಿತ್ತು. ಇಲ್ಲಿ ಅವಳ ತಲೆ ಕೆಟ್ಟಿತು ನೋಡಿ. ಗಲಾಟೆಯ ನಂತರ ಕಳವು ಎಂಬ ಮಾತು ಚೇಷ್ಟೆಯ ಮಾತಾಗಿ ಉಳಿದಿರಲಿಲ್ಲ. ಯಾರ ಮನೆಯ ಪಾತ್ರೆ ಯಾರ ಒಲೆಯ ಮೇಲಿದೆ ಎಂದು ಓಣಿಯವರೆಲ್ಲ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಿದ್ದರು. ಬೇಗಂ ಗೋಡೆಯಾಚೆಯಿಂದ ಈ ಗಿಡಗಳನ್ನು ನೋಡಿದರೆ, ತನ್ನನ್ನೂ ಆ ಬಾಗಿಲು ಒಯ್ದವರ ಸಾಲಿಗೆ ಸೇರಿಸಿದರೆ ಎಂದು ಸುಗಲಮ್ಮನಿಗೆ ಭಯವಾಯಿತು. ಒಂದು ಬುಟ್ಟಿ ತುಂಬ ಮರಿಗಳನ್ನು ಮಣ್ಣು ಸಮೇತ ಕಿತ್ತಳು. ಮೇಲೆ ಹಸಿ ಬಟ್ಟೆ ಹೊದಿಸಿ, ಒಂದು ಅಚ್ಚು ಬೆಲ್ಲ ಇಟ್ಟು, ಎಲ್ಲರೂ ನೋಡುವಂತೆ ಮುಂಬಾಗಿಲಿನಿಂದ ಹೋದಳು.

"ಆಪಾ, ನಿಮ್ಮದು ನಮ್ಮ ಮನ್ಯಾಗ ಇನ್ನ ಏನೂ ಉಳದಿಲ್ರಿ. ಎಲ್ಲಾ ತಂದು ಕೊಟ್ಟೀನಿ" ಎಂದಳು.

ನಮ್ಮ ಕಡೆ ಹೀಗೆ ಬಟ್ಟೆ ಹೊದಿಸಿ ಬೆಲ್ಲವಿಟ್ಟು ಪಡೆದದ್ದನ್ನು ಹಿಂದಿರುಗಿಸುವುದು ಯಾವಾಗ ಗೊತ್ತೆ? ಎರಡು ಮನೆಗಳ ನಡುವೆ ಮಾತು ಮುರಿದಾಗ. ನಿಶ್ಚಯವಾದ ಸಂಬಂಧ ಕಡಿದುಬಿದ್ದರೆ ಹುಡುಗನ ಮನೆಯ ಸೀರೆ ವಾಪಸು ಬರುವುದೂ ಹೀಗೆಯೇ. ಹುಟ್ಟಿದಾಗಿನಿಂದ ಇದನ್ನು ನೋಡುತ್ತ ಬಂದ ಸುಗಲಮ್ಮನಿಗೆ ಆ ಹೊತ್ತು ಅದು ಹೊಳೆಯಲಿಲ್ಲ. ಗೌಹರಬೇಗಂ ಬುಟ್ಟಿಯನ್ನು ನೋಡಿದರು, ಅವಳ ಮುಖ ನೋಡಿದರು, "ಮೆಹರಬಾನಿ" ಎಂದರು. ಅಷ್ಟು ವರ್ಷಗಳಲ್ಲಿ ಅವರು ಅವಳಿಗೆ ಎಂದೂ ಉಪಕಾರ ಹೇಳಿದವರಲ್ಲ. ಸುಗಲಮ್ಮ ಮಾತ್ರ ಎದೆ ಹಗುರಾಯಿತೆಂದು ನಗುತ್ತಾ ಮನೆಗೆ ಬಂದಳು.

ಮರುದಿನ ಗೋಡೆಯ ಮೇಲಿಂದ ಇಣುಕಿದರೆ ಬುಟ್ಟಿ ಇಟ್ಟಲ್ಲೇ ಇತ್ತು. ಅದರ ಮರುದಿನವೂ ಇತ್ತು. ಬಟ್ಟೆ ಒಣಗಿತ್ತು, ಮರಿಗಳ ತಲೆ ಬಾಗಿತ್ತು. ಇತ್ತ ಬೇಗಂ ಮನೆ ಕೊಡಲು ಒಪ್ಪಿಕೊಂಡು ತಮ್ಮನಿಗೆ ಬರಲು ಹೇಳಿ ಕಳಿಸಿದ್ದಾರೆಂಬ ಸುದ್ದಿ ಭಾಗಣ್ಣನ ಅಂಗಡಿಗೆ ಬಂತು. ಸುಗಲಮ್ಮನಿಗೆ ಮೊದಲು ಬಂದದ್ದು ಸಿಟ್ಟು. ನೇರ ಹೋಗಿ, ಬದುಕಿದ ಗಿಡ ಕೊಟ್ಟರೆ ಸಾಯಿಸಿ ಇಟ್ಟಿದ್ದೀರಲ್ಲ ಎಂದು ಜಗಳ ತೆಗೆದಳು. ಬೇಗಂ ಸಂದೂಕಿನಲ್ಲಿ ಬಟ್ಟೆ ಇಡುತ್ತಿದ್ದವರು ತಿರುಗಿ ನೋಡಲಿಲ್ಲ.

"ನೀನೇ ಅಂದಿ, ನಂದು ನಿನ್ನ ಮನ್ಯಾಗ ಇನ್ನ ಏನೂ ಉಳದಿಲ್ಲಂತ" ಎಂದರು. "ಏನೂ ಉಳದಿಲ್ಲಂದ ಮ್ಯಾಗ ನಾ ಇಲ್ಲಿ ಯಾಕ ಇರಲಿ?"

ಆಗ ಸುಗಲಮ್ಮನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ನಿಂತಲ್ಲೇ ಕಣ್ಣಲ್ಲಿ ನೀರು ಬಂತು.

"ಮಂದಿ ನಿಮ್ಮ ಬಾಗಿಲಾ ಸೈತ ಒಯ್ದಾರ್ರಿ, ಆಪಾ. ನನ್ನನ್ನೂ ಆ ಮಂದ್ಯಾಗ ಎಣಿಸಿದ್ರ ಹ್ಯಾಂಗಂತ ಅಂಜಿ ತಂದೆ. ಋಣ ಹರಕೊಳ್ಳಾಕ ಅಲ್ರಿ. ನೀವು ಹೋಗಬ್ಯಾಡ್ರಿ. ನೀವಿಲ್ಲದ ಆ ಗ್ವಾಡಿ ನೋಡಾಕ ನನ್ನ ಕೈಲೆ ಆಗಂಗಿಲ್ಲ."

ಬೇಗಂ ಕೈಯಲ್ಲಿದ್ದ ಬಟ್ಟೆಯನ್ನು ಬದಿಗಿಟ್ಟರು. ಆಮೇಲೆ ಎದ್ದು ಬುಟ್ಟಿ ಎತ್ತಿ ಅವಳ ಕೈಗೆ ಕೊಟ್ಟರು. "ಕೊಟ್ಟ ಗಿಡ ಹತ್ತಂಗಿಲ್ಲ. ತಗೊಂಡು ಹೋಗು" ಎಂದರು.

ಸುಗಲಮ್ಮ ಅದನ್ನು ಬೀಳ್ಕೊಡುಗೆಯೆಂದೇ ತಿಳಿದಳು. ಮನೆಗೆ ಬಂದು ಗೋಡೆಯ ಬದಿಯಲ್ಲಿ ಮರಿಗಳನ್ನು ನೆಟ್ಟು ನೀರು ಹಾಕಿದಳು, ಊಟ ಬಿಟ್ಟಳು. ಹಾಕಿದ ರೊಟ್ಟಿ ಹಾಗೇ ಉಳಿದದ್ದನ್ನು ಕಂಡು ಭಾಗಣ್ಣ, ಹೆಂಗಸರ ಮುನಿಸಿನ ನಡುವೆ ಗಂಡಸು ಹೋದರೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯೇ ಸರಿ ಎಂದು ಅಂಗಡಿಯಲ್ಲೇ ಹೊತ್ತು ಕಳೆದ. ನಾನು ಹೋಗಿ ಸಮಾಧಾನ ಹೇಳಿದೆ. ಹಚ್ಚಿಕೊಂಡವರು ಹೋಗುವಾಗ ಸಮಾಧಾನದ ಮಾತಿಗಿಂತ ಬೇಸರದ್ದು ಇನ್ನೊಂದಿಲ್ಲ, ಆದರೂ ಹೇಳಿದೆ.

ಗಿಡಗಳು ಬಿಸಿಲಿಗೆ ಒಗ್ಗಿ ತಲೆ ಎತ್ತಿದ ಮೇಲೆ ಒಂದು ಮಧ್ಯಾಹ್ನ ಅವಳು ಅಂಗಳದ ಬೇವಿನ ನೆರಳಲ್ಲಿ ಚಾಪೆ ಹಾಸಿ, ಮುಖಕ್ಕೆ ಸೆರಗು ಹೊದ್ದು ಬಿದ್ದುಕೊಂಡಿದ್ದಳು. ಗೋಡೆಯ ಮೇಲಿನ ಒಂದು ಕಲ್ಲು ಉರುಳಿತು. "ಯಾ ಅಲ್ಲಾ" ಎಂದು ಯಾರೋ ಉಸಿರು ಬಿಟ್ಟರು. ಸೆರಗಿನ ಸಂದಿಯಿಂದ ಒಂದೇ ಕಣ್ಣು ತೆರೆದು ನೋಡಿದರೆ ಗೌಹರಬೇಗಂ! ಹುಟ್ಟಿದಾಗಿನಿಂದ ಗೋಡೆ ಹತ್ತಿ ಅರಿಯದ ಗಿರ್ದಾವರ್ ಸಾಹೇಬರ ಬೇಗಂ, ಆಚೆ ಹೊರಸು ಇಟ್ಟುಕೊಂಡು ಹತ್ತಿ, ಗೋಡೆಯ ಮೇಲೆ ಅತ್ತ ಒಂದು ಕಾಲು ಇತ್ತ ಒಂದು ಕಾಲು ಹಾಕಿ ಕೂತು, ಮುಂದೇನು ಮಾಡಬೇಕೆಂದು ತಿಳಿಯದೆ ಆಕಾಶ ನೋಡುತ್ತಿದ್ದರು. ನಾನು ನನ್ನ ಬಾಗಿಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡೆ.

ಸುಗಲಮ್ಮ ಎದ್ದು ಕೈ ಹಿಡಿದು ಇಳಿಸಬೇಕೆಂದು ಎಷ್ಟು ತಳಮಳಿಸಿದಳೋ ದೇವರೇ ಬಲ್ಲ. ಎದ್ದರೆ ಎಲ್ಲ ಕೆಟ್ಟಿತು. ಕಣ್ಣು ಬಿಗಿಯಾಗಿ ಮುಚ್ಚಿ ಗೊರಕೆ ಹೊಡೆಯತೊಡಗಿದಳು. ಅವಳಿಗೆ ಗೊರಕೆ ಬರುತ್ತಿರಲಿಲ್ಲ, ನಡುನಡುವೆ ಬಿಕ್ಕು ಬರುತ್ತಿತ್ತು. ಅದೇ ಹೊತ್ತಿಗೆ ಭಾಗಣ್ಣ ಊಟಕ್ಕೆ ಬಂದ. ಅಂಗಳದಲ್ಲಿ ಬೇಗಂ ಅವರನ್ನು ಕಂಡು, ಬರ್ರಿ ಎನ್ನಲು ಬಾಯಿ ತೆರೆದವನ ಮೀನಖಂಡಕ್ಕೆ ಮಲಗಿದ್ದವಳ ಕಾಲಿನಿಂದ ಒಂದು ಒದೆ ಬಿತ್ತು. ಬಾಯಿ ಮುಚ್ಚಿ ಬಂದ ದಾರಿಯಲ್ಲೇ ತಿರುಗಿ ಹೋದ.

ಬೇಗಂ ಅವಸರ ಮಾಡಲಿಲ್ಲ. ಸುಗಲಮ್ಮನ ಕಳೆ ತೆಗೆಯುವ ಕುರ್ಪಿಯನ್ನೇ ತೆಗೆದುಕೊಂಡು ಎಲ್ಲ ಬಣ್ಣದ ಮರಿಗಳನ್ನೂ ಒಂದೊಂದಾಗಿ ನೋಡಿ, ಬೇರು ತುಂಡಾಗದಂತೆ ಬಿಡಿಸಿ, ತಮ್ಮ ಓಢಣಿಯಲ್ಲಿ ಕಟ್ಟಿಕೊಂಡರು. ಮತ್ತೆ ಗೋಡೆ ಹತ್ತುವ ಧೈರ್ಯವಾಗದೆ ಮುಂಬಾಗಿಲಿನಿಂದಲೇ ಹೊರಬಿದ್ದರು. ಓಣಿಯಲ್ಲಿ ಎದುರಾದವರೆಲ್ಲ ಬೇರೆ ಕಡೆ ಮುಖ ತಿರುಗಿಸಿ ನಿಂತೆವು. ಅಂಥ ಮರ್ಯಾದಸ್ಥ ಓಣಿ ನಮ್ಮದು.

ಮೈನುದ್ದೀನ ಯಾದಗಿರಿಯಲ್ಲಿ ರೈಲಿಳಿದು, ಗಾಡಿ ಮಾಡಿಕೊಂಡು ಬಂದಾಗ ಅಕ್ಕನ ಸಂದೂಕು ಖಾಲಿಯಾಗಿತ್ತು. ಬಟ್ಟೆಗಳೆಲ್ಲ ಮತ್ತೆ ಗೂಟಕ್ಕೆ ಹೋಗಿದ್ದವು, ಮನೆ ಮಾರುವುದಿಲ್ಲವೆಂದು ಶಹಾಪುರದ ವ್ಯಾಪಾರಿಗೆ ಹೇಳಿ ಕಳಿಸಿಯೂ ಆಗಿತ್ತು. ಅಕ್ಕ ಅಂಗಳದಲ್ಲಿ ಕೂತು ಸೇವಂತಿಗೆಗೆ ಮಣ್ಣಿನ ಮಡಿ ಮಾಡುತ್ತಿದ್ದರು. ಹಿತ್ತಲಿಗೆ ಬಾಗಿಲೂ ಇಲ್ಲದ ಈ ಮನೆಯಲ್ಲಿ ಏನಿದೆ, ನನ್ನ ಮನೆಯಲ್ಲಿ ನಿನಗೆ ಏನು ಕಡಿಮೆ ಮಾಡಿದ್ದೆ ಎಂದು ಅವನು ದಖನಿಯಲ್ಲಿ ಕೇಳಿದ. ಅವನ ದನಿಯಲ್ಲಿ ನೋವಿತ್ತು, ಒಳ್ಳೆಯ ತಮ್ಮ ಅವನು. ಬೇಗಂ ಕನ್ನಡದಲ್ಲೇ ಉತ್ತರ ಕೊಟ್ಟರು, ಗೋಡೆಯಾಚೆ ಕೇಳುವಷ್ಟು ಗಟ್ಟಿಯಾಗಿ.

"ನಿನ್ನ ಮನ್ಯಾಗ ಏನೂ ಕಡಿಮಿಲ್ಲ, ತಮ್ಮಾ. ಆದ್ರ ಅಲ್ಲಿ ನಾ ಮೆಹಮಾನ, ಬಂದು ಹೋಗಾಕಿ. ಏನ ಬೇಕಂದ್ರೂ ಕೇಳಿ ತಗೋಬೇಕು. ಇಲ್ಲಿ ಕೇಳಲಾರದ ತಗೋತೀನಿ."

ಗೋಡೆಯ ಈಚೆ ಸುಗಲಮ್ಮ ರೊಟ್ಟಿ ತಟ್ಟುತ್ತಿದ್ದಳು. ಅವಳ ಕೈ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಕರಿಕಾಗಿ ಹೊಗೆ ಎದ್ದಿತು, ಭಾಗಣ್ಣ ಅದನ್ನೇ ಹಾಕಿಸಿಕೊಂಡು ತಿಂದ.