ಅಧ್ಯಕ್ಷರ ತಂಡ

“ಏ ಭರಮಿ, ನಿಮ್ಮೌನ್! ಎಮ್ಮಿ ಹಂಗ ಹಗ್ಗದ ತುದೀಗೆ ನಿಂತ ಮಾತ್ರಕ್ಕ ಮೈಕಿನ್ಯಾಗ ನಿನ್ನ ಹೆಸರ ಕೂಗಬೇಕೇನ? ಉಂಡ ಮನಿ ಜಂತಿ ಎಣಸ್ತಿ?”

ಉಳವಪ್ಪ ಸಾವಕಾರ ಮಿಲ್ಲಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಒದರುತ್ತಿದ್ದ. ಕೆಳಗೆ ನಾವು ಬೈಸಿಕೊಳ್ಳುತ್ತಲೇ ಭತ್ತ ಎಳೆಯುತ್ತಿದ್ದೆವು. ಅಕ್ಕಿಆಲೂರಿನ ಮೇಲೆ ಮೋಡ ಕವಿದಿತ್ತು, ಕುದಿಸಿದ ಭತ್ತ ಕಣದ ತುಂಬ ಹರಡಿತ್ತು. ಉದ್ದನೆಯ ಹಲಗೆಗೆ ಹಗ್ಗ ಕಟ್ಟಿ, ಜಗ್ಗಿ ಜಗ್ಗಿ ರಾಶಿ ಮಾಡುವುದು ನಮ್ಮ ಕೆಲಸ. ಭರಮವ್ವ “ಬರ್ಲಿ!” ಅಂದಳೆಂದರೆ ಎಲ್ಲರ ಸೊಂಟ ಒಮ್ಮೆಲೇ ಬಾಗುತ್ತದೆ.

ಅದೇ ಕೂಗಿನ ಮೇಲೆ, ಭರಮವ್ವನನ್ನು ಹಗ್ಗದ ತುದಿಗೆ ನಿಲ್ಲಿಸಿಕೊಂಡು, ನಾವು ಎಂಟು ಹೆಂಗಸರು ಹಗ್ಗಜಗ್ಗಾಟದಲ್ಲಿ ವರ್ಷಾ ವರ್ಷಾ ತಾಲೂಕಿಗೆ ಮೊದಲು ಬಂದವರು. ಕಪ್ಪುಗಳೆಲ್ಲ ಸಾವಕಾರನ ಕಪಾಟಿನಲ್ಲಿವೆ. ಕ್ರೀಡಾ ಸಂಘದ ಅಧ್ಯಕ್ಷ ಅವನೇ. ಅವನಪ್ಪನ ಕಾಲದಿಂದ ಆ ಕುರ್ಚಿ ಅವರ ಮನೆಯದೇ. ಮೈಕಿನಲ್ಲಿ ನಮ್ಮನ್ನು ಕರೆಯುವುದು ‘ಅಧ್ಯಕ್ಷರ ತಂಡ’ ಅಂತ. ಫೋಟೋದಲ್ಲಿ ಮುಂದೆ ಅವನ ಹೊಟ್ಟೆ, ಹಿಂದೆ ನಮ್ಮ ತಲೆಗಳು, ಅಂಚಿನಲ್ಲಿ ಭರಮವ್ವನ ಮೊಣಕೈ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಭರಮವ್ವ ಕೇಳಿದ್ದು ದೊಡ್ಡದೇನಲ್ಲ. ಸಂಘದ ಕಾರ್ಯದರ್ಶಿ ಕೊಟ್ರೇಶ ಮಾಸ್ತರನ ಹತ್ತಿರ ಹೋಗಿ, “ಮಾಸ್ತರ್ರ, ಈ ಸಲ ಗೆದ್ರ ನನ್ನ ಹೆಸರು ಒಮ್ಮೆ ಮೈಕಿನ್ಯಾಗ ಕೂಗ್ರಿ. ಪೂರಾ ಹೆಸರು, ಭರಮವ್ವ ಗಿರಿಯಪ್ಪ ಮಾದರ ಅಂತ. ನಮ್ಮವ್ವ ಇನ್ನೂ ಜೀವಂತ ಅದಾಳ, ಕೇಳ್ಲಿ,” ಅಂದಿದ್ದಳು.

“ಆ ಅಡ್ಡಹೆಸರ ಮೈಕಿನ್ಯಾಗ ಕೂಗಿದ್ರ ಸಾವಕಾರ್ರ ಮರ್ಯಾದಿ ಏನಾಕ್ಕೈತಿ?” ಅಂದ ಮಾಸ್ತರ, ಸೀದಾ ಬಂದು ಸಾವಕಾರನ ಕಿವಿಯಲ್ಲಿ ಊದಿದ್ದ.

“ಕ್ಯಾಪ್ಟನ್ ಅಂದ್ರ ಸ್ಟೇಜಿನ ಮ್ಯಾಲೆ ನಿಂತ್ರ ಲಕ್ಷಣಾಗಿ ಕಾಣಬೇಕು,” ಸಾವಕಾರ ಎಲೆಯಡಿಕೆ ಉಗುಳಿದ. “ನಮ್ಮ ಸೊಸಿ ತನುಜಾ ಡಿಗ್ರಿ ಓದ್ಯಾಳ. ಈ ಸಲ ಆಕಿನ ಕ್ಯಾಪ್ಟನ್. ಎಂಟ ಮಂದೀಗೆ ಒಬ್ಬಾಕಿ ಹೆಚ್ಚಾತು. ಭರಮಿ, ನೀ ನೀರಿನ ಕೊಡ ಹೊರು.”

“ಹಂಗಾದ್ರ ತುದೀಗೆ ಯಾರ ನಿಂದರ್ತಾರ್ರಿ?” ನಾನು ಬಾಯಿ ಹಾಕಿದೆ.

“ನಿನ್ನ ಗಂಡ ನಿಂದರ್ತಾನ! ಮುಚ್ಚಲೇ ರಾಜಿ.”

ಭರಮವ್ವ ಹಲಗೆಯ ಹಗ್ಗ ಹಿಡಿದಳು. “ಬರ್ಲಿ!” ಅಂತ ನಮಗೆ ಕೂಗಿದಳು. ಮಳೆ ಬರುವುದರೊಳಗೆ ರಾಶಿ ಕೂಡಿತು, ಒಂದು ಕಾಳೂ ತೊಯ್ಯಲಿಲ್ಲ. ಅದನ್ನು ನೆನೆಸಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ತನುಜಾ ಕೈಗವಸು ತೊಟ್ಟುಕೊಂಡು ತಾಲೀಮಿಗೆ ಬಂದಳು. ಹುಡುಗಿ ಕೆಟ್ಟವಳಲ್ಲ, ಸುಳ್ಳು ಯಾಕೆ ಹೇಳಲಿ. “ನಾ ಏನ್ ಮಾಡ್ಲಿ ಅಕ್ಕ, ಮಾವಾರು ಹೇಳ್ಯಾರ,” ಅಂತ ಪಿಸುಗುಟ್ಟಿದಳು. ಎಲ್ಲರಿಗಿಂತ ಮುಂದೆ ನಿಂತು ‘ಒನ್, ಟೂ, ತ್ರೀ’ ಅಂದಳು. ತ್ರೀ ಬರುವಷ್ಟರಲ್ಲಿ ನಮ್ಮ ಉಸಿರು ಮುಗಿದಿರುತ್ತಿತ್ತು. ಒಬ್ಬರ ಮೇಲೊಬ್ಬರು ಬಿದ್ದೆವು.

“ಬೇಕಂತ ಮಾಡಾಕತ್ತೀರಿ, ರಂಡೇರ!” ಸಾವಕಾರ ಚಪ್ಪಲಿ ಎಸೆದ. ಅದು ನೀರಿನ ಕೊಡ ಹಿಡಿದು ನಿಂತ ಭರಮವ್ವನ ಕಾಲಿಗೆ ಬಡಿಯಿತು. “ತಂದ ಕೊಡಲೇ,” ಅಂದ. ಅವಳು ತಂದು ಕೊಟ್ಟಳು. ನಾವೆಲ್ಲ ನೆಲ ನೋಡಿದೆವು.

ಆಟದ ದಿನ ಹಾನಗಲ್ಲಿನ ಮೈದಾನ ತುಂಬಿತ್ತು. ಭರಮವ್ವನ ತಾಯಿ, ಹಣ್ಣುಹಣ್ಣು ಮುದುಕಿ, ಮಗಳ ಹೆಸರು ಕೂಗುತ್ತಾರೆ ಅಂತ ಬೇಲಿಯ ಪಕ್ಕ ಬಂದು ಕೂತಿದ್ದಳು. ಮಗಳು ತಂಡದಲ್ಲೇ ಇಲ್ಲ ಅಂತ ಆಕೆಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

“ಸಾವಕಾರ್ರಿಗೆ ಬಾಟ್ಲಿ ನೀರೈತಿ, ನಿನ್ನ ಕೊಡ ಅತ್ಲಾಗಿಡು, ಯಾರರ ಮುಟ್ಟಿಗಿಟ್ಟಾರು,” ಅಂದ ಕೊಟ್ರೇಶ ಮಾಸ್ತರ. ಭರಮವ್ವ ದೂರ ಸರಿದಳು.

ಉದ್ಘಾಟನೆಗೆ ಒಂದು ಪದ್ಧತಿ ಇದೆ. ಹಗ್ಗದ ಒಂದು ಕಡೆ ಅಧ್ಯಕ್ಷ ಮತ್ತವನ ದೊಡ್ಡ ಮಂದಿ, ಇನ್ನೊಂದು ಕಡೆ ನಾವು. ನಾವು ತೂರಾಡುತ್ತ ಮುಂದೆ ಹೋಗಿ ಸೋತು, ನಗಬೇಕು. ಜನ ಚಪ್ಪಾಳೆ ತಟ್ಟುತ್ತಾರೆ, ಫೋಟೋ ಆಗುತ್ತದೆ. ಆಮೇಲೆ ಖರೆ ಆಟ. ಇಷ್ಟು ವರ್ಷ ಸೋತು ಸೋತು ನಮಗೆ ಅದು ರೂಢಿಯಾಗಿತ್ತು.

ಆ ದಿನ ಸಾವಕಾರ, ಫೋಟೋ ಚೆಂದ ಬರಲಿ ಅಂತ, ತನುಜಾಳನ್ನೂ ತನ್ನ ಕಡೆ ಕರೆದುಕೊಂಡ. ಪೈಲ್ವಾನರಂತೆ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡ. ಕೊರಳಲ್ಲಿ ಹಾರ, ಮೈಮೇಲೆ ಗರಿಗರಿ ಧೋತರ. ನಮ್ಮ ಕಡೆ ಹಗ್ಗದ ತುದಿ ನೆಲದಲ್ಲಿ ಬಿದ್ದಿತ್ತು.

ಭರಮವ್ವ ಕೊಡ ಇಳಿಸಿದಳು. ಬಂದು ತುದಿಯ ಹಗ್ಗವನ್ನು ಬೆನ್ನಿಗೆ ಹಾಕಿಕೊಂಡಳು.

“ಯಕ್ಕಾ, ನಾಳಿಂದ ಆಂವ ಮಿಲ್ಲಿನ್ಯಾಗ ಕಾಲ ಇಡಾಕ ಬಿಡಂಗಿಲ್ಲ,” ಅಂದೆ.

“ಗೊತ್ತೈತಿ. ನೀ ಬೇಕಾದ್ರ ಹಗ್ಗ ಬಿಡು ರಾಜಿ. ನಾ ಸಿಟ್ಟಾಗಂಗಿಲ್ಲ.”

ನಾನು ಹಿಮ್ಮಡಿಯನ್ನು ಮಣ್ಣಿಗೆ ಊರಿದೆ. ಹಗ್ಗ ಬಿಡಲಿಲ್ಲ. ಯಾರೂ ಬಿಡಲಿಲ್ಲ.

ಸೀಟಿ ಕೇಳಿತು. ಸಾವಕಾರ ಕ್ಯಾಮೆರಾ ಕಡೆ ಹಲ್ಲು ಕಿಸಿದ.

“ಬರ್ಲಿ!”

ಅವನ ಚಪ್ಪಲಿಗಳು ನಿಂತಲ್ಲೇ ಉಳಿದವು, ಅವನು ಮಾತ್ರ ಮುಂದೆ ಬಂದ. ದೊಡ್ಡ ಮಂದಿ ಒಬ್ಬೊಬ್ಬರಾಗಿ ಹಗ್ಗ ಬಿಟ್ಟು ಓಡಿದರು. ತನುಜಾ ಎಲ್ಲರಿಗಿಂತ ಮೊದಲೇ ಬಿಟ್ಟು ಪಕ್ಕಕ್ಕೆ ಸರಿದಳು, ನಾನು ಕಣ್ಣಾರೆ ನೋಡಿದೆ. ಸಾವಕಾರನ ಕೈಗೆ ಸುತ್ತಿದ ಹಗ್ಗ ಬಿಗಿದಿತ್ತು. ಅವನು ಬೋರಲು ಬಿದ್ದ.

“ಬರ್ಲಿ!”

ಹಾರ ಹರಿಯಿತು, ಧೋತರ ಮಣ್ಣಾಯಿತು. “ಸೂಳೇರ! ಸುಟ್ಟಬಿಡ್ತೇನಿ ನಿಮ್ಮ ಕೇರೀನ!” ಅಂತ ಕಿರುಚುತ್ತಲೇ ಗೆರೆ ದಾಟಿ ನಮ್ಮ ಕಡೆ ಬಂದ.

“ಏ, ಏ, ಅಧ್ಯಕ್ಷರ ತಂಡ! ಹಗ್ಗ ಬಿಡ್ರಿ!” ಕೊಟ್ರೇಶ ಮಾಸ್ತರ ಮೈಕಿನಲ್ಲಿ ಹೊಯ್ಕೊಂಡ. ನಾವು ಬಿಡಲಿಲ್ಲ. ಅವನ ದನಿ ಒಡೆಯಿತು.

“ಭರಮವ್ವಾ! ಏ ಭರಮವ್ವ ಗಿರಿಯಪ್ಪ ಮಾದರ! ಪೊಲೀಸರನ್ನ ಕರಸ್ತೇನಿ, ಹಗ್ಗ ಬಿಡು!”

ಮೈದಾನದ ಮೂಲೆಮೂಲೆಯ ಸ್ಪೀಕರುಗಳಲ್ಲಿ ಆ ಹೆಸರು ಕೇಳಿತು. ಬೇಲಿಯ ಪಕ್ಕದ ಮುದುಕಿ ಕೋಲೂರಿ ಎದ್ದು ನಿಂತಳು.

“ಕೇಳ್ತೇನಬೇ ಅವ್ವಾ?” ಭರಮವ್ವ ಕೂಗಿದಳು. ಗೇಟಿನಿಂದ ಪೊಲೀಸರು ಓಡಿ ಬರುತ್ತಿದ್ದರು.

“ಬರ್ಲಿ!” ಅಂದಳು. ನಾವು ಮತ್ತೆ ಸೊಂಟ ಬಗ್ಗಿಸಿದೆವು.