ಜಪಸರದ ಇನ್ನರ್ಧ

“...ನಿಮ್ಮ ಉದರದ ಫಲವಾದ ಯೇಸು ಧನ್ಯರು,” ಎಂದು ಹೇಳಿ ಇನ್ನಾಸಪ್ಪ ಒಮ್ಮೆ ಕೆಮ್ಮಿ ಸುಮ್ಮನಾದ. ಬೆರಳು ಜಪಸರದ ಮಣಿಯ ಮೇಲೆ ನಿಂತಿತ್ತು. ಎದುರಿನ ಚಾಪೆ ಖಾಲಿ. ಜಪದ ಇನ್ನರ್ಧ ಆ ಕಡೆಯಿಂದ ಬರಬೇಕು. ಬಂದೀತೆಂಬಂತೆ ಸ್ವಲ್ಪ ಹೊತ್ತು ಕಾದು, ಮುಂದಿನ ಮಣಿಗೆ ಹೋದ.

ಮೊದಲರ್ಧ ಮನೆಯ ಯಜಮಾನ, ಎರಡನೆಯದು ಉಳಿದವರು. ಕಥೋಲಿಕ ಕ್ರೈಸ್ತರ ಪೈಕಿ ಜಪ ಹೇಳುವ ಕ್ರಮವೇ ಹಾಗೆ. ಮಕ್ಕಳಿಲ್ಲದ ಮನೆಯಲ್ಲಿ ಉಳಿದವರೆಂದರೆ ಹೆಂಡತಿ ಮದ್ಲೇನವ್ವ ಒಬ್ಬಳೇ. ಮುದಗಲ್ಲಿನಿಂದ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ಬಂದ ಮೇಲೆ ಇಪ್ಪತ್ತಾರು ವರ್ಷ ಸಾರಿಗೆ ಉಪ್ಪೆಷ್ಟು ಎನ್ನುವುದರಿಂದ ಹಿಡಿದು ಎಲ್ಲದರಲ್ಲೂ ಮೊದಲ ಮಾತೂ ಕೊನೆಯ ಮಾತೂ ಅವಳದೇ. ಜಪದಲ್ಲಿ ಮಾತ್ರ ಮೊದಲ ಮಾತು ಪಾಪ, ಇವನದು. ಕ್ರಿಸ್ಮಸ್ಸಿಗೆ ಎಂಟು ದಿನ ಇರುವಾಗ ಅವಳು ಜ್ವರದಲ್ಲಿ ತೀರಿಕೊಂಡಳು. ಆಗ ಇವನು ಕಾರ್ಖಾನೆಯಲ್ಲಿದ್ದ.

ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಮುಂಚಿನ ತಪಸ್ಸುಕಾಲ ಪೂರ್ತಿ, ದಿನಾ ಸಂಜೆ ಅವಳ ಆತ್ಮಕ್ಕಾಗಿ ಒಂದು ಜಪಸರ ಹೇಳಿ ಮುಗಿಸುತ್ತೇನೆಂದು ಅದರ ಮೊದಲ ದಿನವಾದ ಬೂದಿ ಬುಧವಾರ ಹರಕೆ ಹೊತ್ತಿದ್ದ. ಇವತ್ತಿಗೆ ಹದಿನೇಳು ದಿನ, ಒಂದೂ ಮುಗಿದಿರಲಿಲ್ಲ. ಇನ್ನರ್ಧ ತನಗೆ ಬಾಯಿಪಾಠ ಬಾರದೆಂದಲ್ಲ. ‘ನಮ್ಮ ಮರಣದ ಗಳಿಗೆಯಲ್ಲೂ ಪ್ರಾರ್ಥಿಸಿರಿ’ ಎನ್ನುವ ಅವಳ ಮಾತನ್ನು ತಾನೇ ಹೇಳಿಬಿಟ್ಟರೆ, ಈ ಮನೆಯಲ್ಲಿ ಅವಳಿಗೆ ಉಳಿದಿದ್ದ ಜಾಗವೂ ಹೋದಂತೆ ಅನ್ನಿಸುತ್ತಿತ್ತು. ಅರ್ಧ ಜಪ ದೇವರಿಗೆ ಸಲ್ಲುತ್ತದೋ ಇಲ್ಲವೋ ಎಂಬ ಅಂಜಿಕೆ ಬೇರೆ. ಪಾದ್ರಿಗಳನ್ನು ಕೇಳಲು ನಾಚಿಕೆ.

“ಇನ್ನಾಸಣ್ಣಾರ, ಅದೀರೇನ್ರಿ?”

ಪಕ್ಕದ ಮನೆಯ ರೆಹಮತ್‌ಬಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಾವಿರದ ಒಂಬೈನೂರ ಇಪ್ಪತ್ತೆಂಟನೆಯ ಇಸವಿಯ ಆ ವರ್ಷ ರಂಜಾನೂ ತಪಸ್ಸುಕಾಲವೂ ಕೂಡಿಯೇ ಬಂದಿದ್ದವು. ಅವಳು ಆಗಷ್ಟೇ ರೋಜಾ ಬಿಟ್ಟು ಬಂದಿದ್ದಳು.

“ಗಂಜಿ ತಗೋರಿ. ಖಂಡ ಹಾಕಿಲ್ರಿ. ಇವತ್ತ ಶುಕ್ರವಾರ, ನೀವು ತಿನ್ನಂಗಿಲ್ಲಂತ ನೆನಪೈತಿ ನನಗ.”

“ಅಲ್ಲಿಡವ್ವಾ.”

ಬಟ್ಟಲಿಟ್ಟರೂ ಅವಳು ಹೋಗಲಿಲ್ಲ. “ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ದಿನಾ ಅರ್ಧಕ್ಕ ಯಾಕ ಬಿಡ್ತೀರಿ? ಗ್ವಾಡಿ ಆಚೀಕ ನಾನೂ ಕಾಯ್ಕೋತ ಕುಂತಿರ್ತೇನಿ.”

ಕದಿಯುವಾಗ ಸಿಕ್ಕಿಬಿದ್ದವನಂತೆ ಇನ್ನಾಸಪ್ಪ ತಲೆ ತಗ್ಗಿಸಿದ. “ಇನ್ನರ್ಧಾ ಆಕೀದು, ತಂಗೀ. ನಾ ಹ್ಯಾಂಗ ಹೇಳ್ಲಿ?”

“ಅಕ್ಕ ನಿಮ್ಮದು ಹೇಳಿದ್ಲಲ್ರಿ.”

“ಯಾವಾಗ?”

“ಆವತ್ತ. ನೀವು ಕಾರ್ಖಾನ್ಯಾಗ ಇದ್ರಿ. ನಾ ಹಣೀಮ್ಯಾಲ ಒದ್ದಿ ಅರಬಿ ಹಾಕಾಕತ್ತಿದ್ದೆ. ಅಕ್ಕ ಕಣ್ಣು ಮುಚ್ಚಿಕೊಂಡು, ದನಿ ದಪ್ಪ ಮಾಡಿ, ಥೇಟ್ ನಿಮ್ಮಂಗ ಮೊದಲ್ನೇ ಅರ್ಧಾ ಅಂದ್ಲು. ನಿಮ್ಮಂಗ ಕೆಮ್ಮಿದ್ಲು ಸೈತ. ಆಮ್ಯಾಲ ತನ್ನ ಅರ್ಧಾ ತನ್ನ ದನ್ಯಾಗ. ಅಷ್ಟ್ ಜ್ವರದಾಗೂ ನಕ್ಕಳ್ರಿ.” ರೆಹಮತ್‌ಬಿ ಸೆರಗಿನಿಂದ ಮೂಗೊರೆಸಿಕೊಂಡಳು. “ನಿಮಗ ಸಂಕಟ ಆಗ್ತೈತಂತ ಇಷ್ಟ ದಿನಾ ಬಾಯಿ ಬಿಡಲಿಲ್ಲ.”

ಅವಳು ಹೋದಮೇಲೂ ಇನ್ನಾಸಪ್ಪ ಕೂತೇ ಇದ್ದ. ಆಚೆ ಅವಳ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಜಪಸರವನ್ನು ಮತ್ತೆ ಮೊದಲ ಮಣಿಯಿಂದ ಹಿಡಿದು ತನ್ನ ಅರ್ಧ ಹೇಳಿದ. ಕೆಮ್ಮಿದ. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ಚಾಪೆಯ ಆ ಬದಿಗೆ ಹೋದ. ಅವಳು ದಿನಾ ಮೊಣಕಾಲೂರಿ ಅಲ್ಲಿ ಚಾಪೆ ಸವೆದಿತ್ತು. ಅಲ್ಲೇ ಮೊಣಕಾಲೂರಿದ. ಅಲ್ಲಿಂದ ನೋಡಿದರೆ ತನ್ನ ಜಾಗ ಖಾಲಿ ಕಾಣುತ್ತಿತ್ತು.

ಮೆಲ್ಲಗೆ ಇನ್ನರ್ಧ ಹೇಳತೊಡಗಿದ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ನಿಂತಿತು.